ಚಕ್ರಮುನಿ ಸೊಪ್ಪು: ಕತ್ತರಿಸುವುದು ಹೇಗೆ, ತಿನ್ನುವುದು ಹೇಗೆ?

ತಾರಸಿ ಕೈತೋಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ಕುಂಡಕ್ಕೆ ಊರಿದ ಚಕ್ರಮುನಿಯ ಕಡ್ಡಿ ಈಗ ನನ್ನ ತಲೆಯನ್ನೂ ಮೀರಿ ಬೆಳೆದಿದೆ. ದಂಟು, ಮೆಂತ್ಯ, ಪಾಲಕ್‌ಗಳನ್ನು ಪ್ರತಿ ಸಲ ಹೊಸದಾಗಿ ಬಿತ್ತಬೇಕು, ಬಿತ್ತಿದ ಮೇಲೆ ಪಾರಿವಾಳಗಳಿಂದ ಕಾಯಬೇಕು. ಈ ಗಿಡಕ್ಕೆ ಅದಾವುದೂ ಇಲ್ಲ. ಊರಿಗೆ ಹೋಗಿ ಬರುವಷ್ಟರಲ್ಲಿ ನೀರು ತಪ್ಪಿದ್ದರೂ ಒಂದೆರಡು ಎಲೆ ಹಳದಿಯಾದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಆದರೂ ಮೂರು ವಿಷಯಗಳಲ್ಲಿ ಬಲ್ಲವರ ಸಲಹೆ ಬೇಕಾಗಿದೆ.

ಗಿಡ ಎರಡೇ ಕವಲಾಗಿ ನೆಟ್ಟಗೆ ಮೇಲಕ್ಕೆ ಹೋಗಿದೆ. ಕೆಳಗೆಲ್ಲ ಬೋಳು ಕೋಲು, ಎಲೆ ಇರುವುದು ತುದಿಯಲ್ಲಿ ಮಾತ್ರ. ಗಾಳಿ ಬೀಸಿದರೆ ಕೋಲು ಬಾಗಿ ಪಕ್ಕದ ಟೊಮ್ಯಾಟೊ ಗಿಡದ ಮೇಲೆ ಒರಗುತ್ತದೆ. ಇದು ಮೊದಲನೆಯ ತೊಂದರೆ. ಎರಡನೆಯದು ಅಡುಗೆಯದು: ಪಲ್ಯ ಮಾಡಿದರೆ ಎಲೆ ಬೆಂದ ಮೇಲೂ ಗಟ್ಟಿಯಾಗಿಯೇ ಉಳಿಯುತ್ತದೆ, ಮಕ್ಕಳು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾರೆ. ಮೂರನೆಯದನ್ನು ಕುರಿತು ನನಗೆ ಸ್ವಲ್ಪ ಆತಂಕವೇ ಇದೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ, ಪ್ರತಿದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇದರ ಹಸಿ ಎಲೆಯ ರಸವನ್ನು ಕುಡಿದರೆ ತೂಕ ಇಳಿಯುತ್ತದೆ, ರಕ್ತ ಶುದ್ಧಿಯಾಗುತ್ತದೆ ಎಂಬ ಸಂದೇಶ ತಿರುಗಾಡುತ್ತಿದೆ. ನರ್ಸರಿಗಳಲ್ಲಿಯೂ ಇದನ್ನು ಮಲ್ಟಿವಿಟಮಿನ್ ಗಿಡ ಎಂದೇ ಮಾರುತ್ತಾರೆ. ರಸ ಕುಡಿಯುವುದು ಸರಿಯೆ?

ಬೆಟ್ಟದ ಸೊಪ್ಪು (ಶಿರಸಿ)

ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ನಿಮ್ಮ ಗಿಡಕ್ಕೆ ರೋಗವೇನೂ ಇಲ್ಲ, ಕತ್ತರಿ ಬಿದ್ದಿಲ್ಲ ಅಷ್ಟೇ. ಚಕ್ರಮುನಿಯನ್ನು ಅದರ ಪಾಡಿಗೆ ಬಿಟ್ಟರೆ ಎರಡು ಮೂರು ಮೀಟರ್ ಎತ್ತರಕ್ಕೆ ಕೋಲಿನ ಹಾಗೆ ಏರುತ್ತದೆ, ಹಳೆಯ ಎಲೆಗಳು ಉದುರುತ್ತಾ ಹೋಗಿ ಕೆಳಗೆ ಬೋಳಾಗುತ್ತದೆ, ತುದಿಯ ಭಾರಕ್ಕೆ ಬಾಗುತ್ತದೆ. ನಮಗೆ ಬೇಕಾದುದು ಗಿಡದ ಎತ್ತರವಲ್ಲ, ಕುಡಿಗಳ ಸಂಖ್ಯೆ. ಆದ್ದರಿಂದ ಇದನ್ನು ಸೊಂಟದ ಎತ್ತರವನ್ನು ದಾಟಲು ಬಿಡಲೇಬಾರದು.

ನಿಮ್ಮ ಎರಡು ಕವಲುಗಳಲ್ಲಿ ಒಂದನ್ನು ಈಗಲೇ ಮೊಣಕಾಲಿನ ಎತ್ತರಕ್ಕೆ, ಒಂದು ಗೆಣ್ಣಿನ ಸ್ವಲ್ಪ ಮೇಲೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಇನ್ನೊಂದನ್ನು ಹಾಗೆಯೇ ಬಿಡಿ. ಕತ್ತರಿಸಿದ ಕೋಲಿನ ಗೆಣ್ಣುಗಳಲ್ಲಿ ಎರಡು ಮೂರು ವಾರಗಳಲ್ಲಿ ಹಸಿರು ಮೊಗ್ಗುಗಳು ಉಬ್ಬಿ ಚಿಗುರೊಡೆಯುತ್ತವೆ. ಅವು ಗೇಣುದ್ದ ಆದ ಮೇಲೆ ಎರಡನೆಯ ಕವಲನ್ನು ಕತ್ತರಿಸಿ. ಎರಡನ್ನೂ ಒಮ್ಮೆಲೇ ಬೋಳು ಮಾಡಿದರೆ ಗಿಡ ಸಾಯುವುದಿಲ್ಲ, ಆದರೆ ಎಲೆಯೇ ಇಲ್ಲದ ಗಿಡಕ್ಕೆ ಮೊದಲಿನಷ್ಟೇ ನೀರು ಹಾಕುತ್ತಾ ಹೋದರೆ ಕುಂಡದಲ್ಲಿ ಬೇರು ಕೊಳೆಯುವ ಸಂಭವವಿರುತ್ತದೆ. ನೆಲದಲ್ಲಿರುವ ಗಿಡಕ್ಕೆ ಈ ಭಯ ಕಡಿಮೆ.

ಸೊಪ್ಪು ಕೊಯ್ಯುವ ಕ್ರಮದಲ್ಲಿಯೂ ಒಂದು ಮಾತಿದೆ. ಹೆಚ್ಚಿನವರು ಕೆಳಗಿನ ಬಲಿತ ಎಲೆಗಳನ್ನು ಬಿಡಿಸಿಕೊಂಡು, ಪಾಪ ಚಿಗುರು ಬೆಳೆಯಲಿ ಎಂದು ತುದಿಯನ್ನು ಬಿಡುತ್ತಾರೆ. ಇದರಿಂದ ಗಿಡ ಮತ್ತಷ್ಟು ಎತ್ತರಕ್ಕೆ ಹೋಗುತ್ತದೆ, ಅಡುಗೆಗೆ ಗಟ್ಟಿ ಎಲೆ ಸಿಗುತ್ತದೆ. ತುದಿಯಿಂದ ಒಂದು ಗೇಣಿನಷ್ಟು ಕುಡಿಯನ್ನು ಎಲೆ ಸಮೇತ ಚಿವುಟಿ. ಉಗುರಿನಿಂದ ಒತ್ತಿದಾಗ ಪಟ್ಟನೆ ಮುರಿಯುವ ಜಾಗದವರೆಗೆ ಕಾಂಡವೂ ಅಡುಗೆಗೆ ಬರುತ್ತದೆ. ಒಂದು ಕುಡಿ ಚಿವುಟಿದಲ್ಲಿ ಎರಡು ಮೂರು ಟಿಸಿಲು ಬರುತ್ತವೆ, ಮುಂದಿನ ಕೊಯ್ಲಿಗೆ ಅವೇ ಸೊಪ್ಪು. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿಯೇ ಇದೆ.

ಕತ್ತರಿಸಿದ ಕೋಲನ್ನು ಎಸೆಯಬೇಡಿ. ತುದಿಯ ಹಸಿರು ಭಾಗ ನೆಟ್ಟರೆ ಕೊಳೆಯುತ್ತದೆ, ಬುಡದ ದಪ್ಪ ಭಾಗ ಚಿಗುರಲು ತಡಮಾಡುತ್ತದೆ. ನಡುವಿನ, ಪೆನ್ಸಿಲಿನಿಂದ ಕಿರುಬೆರಳಿನವರೆಗಿನ ದಪ್ಪದ, ತೊಗಟೆ ಕಂದು ಬಣ್ಣಕ್ಕೆ ತಿರುಗಲು ಆರಂಭಿಸಿದ ಭಾಗವೇ ನೆಡಲು ಯೋಗ್ಯ. 20ರಿಂದ 25 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಮಾಡಿಕೊಂಡು, ಎಲೆಗಳನ್ನೆಲ್ಲ ತೆಗೆದು, ಎರಡು ಗೆಣ್ಣುಗಳಾದರೂ ಮಣ್ಣಿನೊಳಗೆ ಹೋಗುವಂತೆ ಊರಿ. ಬುಡದ ಕಡೆ ಓರೆಯಾಗಿಯೂ ತುದಿಯ ಕಡೆ ನೇರವಾಗಿಯೂ ಕತ್ತರಿಸಿಕೊಂಡರೆ ತಲೆಕೆಳಗಾಗಿ ನೆಡುವ ಪ್ರಮಾದ ಆಗುವುದಿಲ್ಲ. ಮೊದಲ ಮೂರು ನಾಲ್ಕು ವಾರ ನೆರಳಿನಲ್ಲಿರಲಿ, ಮಣ್ಣು ತೇವವಾಗಿರಲಿ, ಆದರೆ ನೀರು ನಿಲ್ಲದಿರಲಿ. ಬೇರು ಬಂದಿದೆಯೇ ಎಂದು ಎಳೆದು ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಚಿಗುರಿನಲ್ಲಿ ನಾಲ್ಕೈದು ಎಲೆ ಬಿಚ್ಚಿದರೆ ಬೇರು ಇದೆ ಎಂದೇ ಅರ್ಥ.

ಕರಾವಳಿ ಹಿತ್ತಲು (ಪುತ್ತೂರು)

ಶಿರಸಿಯವರು ಹೇಳಿದ್ದು ನಮ್ಮಲ್ಲಿಗೂ ಹೊಂದುತ್ತದೆ. ನಾವು ಇದನ್ನು ಕುಂಡದಲ್ಲಿ ಬೆಳೆಸಿದವರಲ್ಲ. ಅಡುಗೆಮನೆಯ ಹಿಂದಿನಿಂದ ಬಾವಿಕಟ್ಟೆಯವರೆಗೆ ಒಂದೊಂದು ಅಡಿಗೆ ಒಂದೊಂದು ಕಡ್ಡಿ ಊರಿ ಬೇಲಿಯಂತೆ ಮಾಡಿದ್ದೇವೆ. ಬೇಲಿಯನ್ನು ಸವರಿದಾಗಲೆಲ್ಲ ಸೊಪ್ಪು ಸಿಗುವುದರಿಂದ ಗಿಡ ಎತ್ತರಕ್ಕೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಅಡಿಕೆ ಮರಗಳ ಅರೆನೆರಳಿನಲ್ಲಿ ಎಲೆ ಅಗಲವಾಗಿ, ಮೆತ್ತಗೆ, ಕಡುಹಸಿರಾಗಿ ಬರುತ್ತದೆ. ಪೂರ್ತಿ ಬಿಸಿಲಿನಲ್ಲಿರುವ ಗಿಡದ ಎಲೆ ಸಣ್ಣದಾಗಿ, ಸ್ವಲ್ಪ ಹಳದಿ ಛಾಯೆ ಪಡೆದು, ಬೇಗ ಗಟ್ಟಿಯಾಗುತ್ತದೆ. ಬೆಂಗಳೂರಿನ ತಾರಸಿಯವರು ಕುಂಡವನ್ನು ಮಧ್ಯಾಹ್ನದ ಬಿಸಿಲು ತಪ್ಪುವ ಗೋಡೆಯ ಬದಿಗೆ ಸರಿಸಿದರೆ ವ್ಯತ್ಯಾಸವನ್ನು ತಾವೇ ಕಾಣಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ಇದಕ್ಕೆ ಇರುವ ಶತ್ರು ಶಂಖದ ಹುಳು ಒಂದೇ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದಕ್ಕಿಂತ ಉತ್ತಮ ಉಪಾಯ ನಮಗೆ ಸಿಕ್ಕಿಲ್ಲ. ಹಸುವೂ ಶತ್ರುವೇ, ಹಗ್ಗ ಬಿಚ್ಚಿಕೊಂಡರೆ ನೇರವಾಗಿ ಇಲ್ಲಿಗೇ ಬರುತ್ತದೆ.

ಅಡುಗೆಯ ವಿಷಯ. ಎಲೆಯನ್ನು ದಂಟಿನಿಂದ ಬಿಡಿಸಿ ಹಾಗೆಯೇ ಒಗ್ಗರಣೆಗೆ ಹಾಕಿದರೆ ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆಂದರೆ ಇದರಲ್ಲಿ ಪಾಲಕ್ ಅಥವಾ ಬಸಳೆಯಷ್ಟು ನೀರಿನಂಶವಿಲ್ಲ. ಎಲೆಗಳನ್ನು ಒಟ್ಟಿಗೆ ಸುತ್ತಿ ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಸಣ್ಣಗೆ ಹೆಚ್ಚಿಕೊಳ್ಳಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಮಾಡಿ, ಸೊಪ್ಪು ಹಾಕಿ, ಉಪ್ಪು ಮತ್ತು ಅರ್ಧ ಲೋಟ ನೀರು ಸೇರಿಸಿ ಮುಚ್ಚಳ ಮುಚ್ಚಿ ಬೇಯಿಸಿ. ನೀರು ಆರುವ ಹೊತ್ತಿಗೆ ಎಲೆ ಮೆತ್ತಗಾಗಿರುತ್ತದೆ. ಕೊನೆಯಲ್ಲಿ ತೆಂಗಿನತುರಿ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಇದಕ್ಕಿಂತ ಒಳ್ಳೆಯ ಪಲ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬಸಳೆಯ ಪಕ್ಷದವರು ಒಪ್ಪದಿರಬಹುದು.

ಪಲ್ಯ ತಿನ್ನದ ಮಕ್ಕಳಿಗೆ ತಂಬುಳಿ ಮಾಡಿ. ಒಂದು ಹಿಡಿ ಎಳೆಯ ಎಲೆಯನ್ನು ತುಪ್ಪದಲ್ಲಿ ಜೀರಿಗೆ ಮತ್ತು ಕಾಳುಮೆಣಸಿನೊಂದಿಗೆ ಬಣ್ಣ ಬದಲಾಗಿ ಪೂರ್ತಿ ಬಾಡುವವರೆಗೆ ಹುರಿದು, ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಡುವುದು. ಅವಸರದಲ್ಲಿ ಎಲೆಯನ್ನು ಹಸಿಯಾಗಿ ರುಬ್ಬುವವರೂ ಇದ್ದಾರೆ, ನಮ್ಮ ಮನೆಯಲ್ಲಿ ಆ ರೂಢಿ ಇಲ್ಲ.

ಹಸಿರು ನೋಟ (ತುಮಕೂರು)

ಹಸಿಯಾಗಿ ರುಬ್ಬಿದರೆ ತಪ್ಪೇನು ಎಂದು ಕೇಳಬಯಸುತ್ತೇನೆ. ಈ ಸೊಪ್ಪಿನ ಹಿರಿಮೆ ಇರುವುದೇ ಅದರ ಜೀವಸತ್ವಗಳಲ್ಲಿ. ವಿಟಮಿನ್ ಸಿ ಬಿಸಿಗೆ ನಾಶವಾಗುತ್ತದೆ ಎಂಬುದು ಶಾಲೆಯ ಪಾಠದಲ್ಲಿಯೇ ಇದೆ. ಬೇಯಿಸಿ ಸತ್ವ ಕಳೆದು ತಿನ್ನುವುದಕ್ಕಿಂತ ರಸ ತೆಗೆದು ಕುಡಿಯುವುದು ಉತ್ತಮವಲ್ಲವೆ? ಹಳ್ಳಿಯಲ್ಲಿ ಮಕ್ಕಳು ಆಡುತ್ತಾ ಆಡುತ್ತಾ ಇದರ ಕುಡಿಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಹಸಿ ಬಟಾಣಿಯ ರುಚಿ ಇರುತ್ತದೆ. ಯಾರಿಗೂ ಏನೂ ಆಗಿಲ್ಲ. ನಾನೂ ಕೆಲವು ದಿನಗಳಿಂದ ಬೆಳಿಗ್ಗೆ ಅರ್ಧ ಲೋಟ ರಸ ಕುಡಿಯುತ್ತಿದ್ದು, ಚೆನ್ನಾಗಿಯೇ ಇದ್ದೇನೆ.

ಮೈಸೂರು ವೈದ್ಯೆ (ಮೈಸೂರು)

ತುಮಕೂರಿನವರೇ, ದಯವಿಟ್ಟು ಇಂದಿನಿಂದಲೇ ಆ ರಸವನ್ನು ನಿಲ್ಲಿಸಿ. ಮುಂದಿನದನ್ನು ಎಲ್ಲರೂ ಪೂರ್ತಿಯಾಗಿ ಓದಬೇಕೆಂದು ವಿನಂತಿ.

1994 ಮತ್ತು 1995ರಲ್ಲಿ ತೈವಾನಿನಲ್ಲಿ ಇದೇ ಗಿಡದ ರಸ ತೂಕ ಇಳಿಸುವ ಉಪಾಯವಾಗಿ ಜನಪ್ರಿಯವಾಯಿತು. ಗಿಡ ಅಲ್ಲಿಗೆ ಹೊಸದು, ಅದನ್ನು ತಿನ್ನುವ ರೂಢಿ ಆಗ್ನೇಯ ಏಷ್ಯಾದಿಂದ ಬಂದಿತ್ತು. ಆದರೆ ಅಲ್ಲಿನವರಂತೆ ಬೇಯಿಸಿ ತಿನ್ನುವ ಬದಲು ಹಸಿ ಎಲೆಯನ್ನು ಸೀಬೆ ಅಥವಾ ಅನಾನಸಿನ ರಸದೊಂದಿಗೆ ರುಬ್ಬಿ, ದಿನಕ್ಕೆ ಸುಮಾರು 150 ಗ್ರಾಂ ಎಲೆಯಷ್ಟನ್ನು ವಾರಗಟ್ಟಲೆ ಕುಡಿದರು. ಕುಡಿದವರಲ್ಲಿ ಹೆಚ್ಚಿನವರು ಬೇರೆ ಯಾವ ಕಾಯಿಲೆಯೂ ಇಲ್ಲದ, ಬೀಡಿ ಸಿಗರೇಟು ಮುಟ್ಟದ ಯುವತಿಯರು ಮತ್ತು ನಡುವಯಸ್ಸಿನ ಮಹಿಳೆಯರು. ಅವರಿಗೆ ಮೊದಲು ಒಣಕೆಮ್ಮು, ಆಮೇಲೆ ನಡೆದರೆ ಏದುಸಿರು, ಕೊನೆಗೆ ಕುಳಿತಲ್ಲಿಯೇ ಉಬ್ಬಸ ಕಾಣಿಸಿಕೊಂಡಿತು. ಆಸ್ಪತ್ರೆಗೆ ಬಂದವರ ಸಂಖ್ಯೆ ಇನ್ನೂರನ್ನು ದಾಟಿತು. ಕೆಲವರು ತೀರಿಕೊಂಡರು, ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು.

ಈ ಕಾಯಿಲೆಯ ಹೆಸರು ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್. ಶ್ವಾಸಕೋಶದೊಳಗಿನ ಅತ್ಯಂತ ಸಣ್ಣ ಗಾಳಿಕೊಳವೆಗಳ ಗೋಡೆಯಲ್ಲಿ ಗಾಯವಾಗಿ, ಗಾಯ ಮಾಯುವಾಗ ಉಳಿಯುವ ಕಲೆಯ ಅಂಗಾಂಶವೇ ಕೊಳವೆಯನ್ನು ಮುಚ್ಚಿಬಿಡುತ್ತದೆ. ಆಸ್ತಮಾದಲ್ಲಿ ಕೊಳವೆ ಬಿಗಿದುಕೊಳ್ಳುತ್ತದೆ, ಔಷಧಿ ಎಳೆದುಕೊಂಡರೆ ಮತ್ತೆ ಸಡಿಲವಾಗುತ್ತದೆ. ಇಲ್ಲಿ ಹಾಗಲ್ಲ; ಮುಚ್ಚಿದ ಕೊಳವೆ ತೆರೆಯುವುದಿಲ್ಲ. ಇನ್ಹೇಲರ್ ಆಗಲಿ ಸ್ಟೀರಾಯ್ಡ್ ಆಗಲಿ ಆ ರೋಗಿಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕೊಡಲಿಲ್ಲ, ರಸ ನಿಲ್ಲಿಸಿದ ಮೇಲೂ ಉಸಿರಾಟ ಮೊದಲಿನಂತಾಗಲಿಲ್ಲ. ಎಲೆಯಲ್ಲಿರುವ ಯಾವ ವಸ್ತು ಇದಕ್ಕೆ ಕಾರಣ ಎಂಬುದು ಖಚಿತವಾಗಿ ಸಾಬೀತಾಗಿಲ್ಲ, ಆದರೆ ಗಿಡಕ್ಕೂ ಕಾಯಿಲೆಗೂ ಇರುವ ಸಂಬಂಧದ ಬಗ್ಗೆ ವೈದ್ಯಲೋಕದಲ್ಲಿ ವಿವಾದವಿಲ್ಲ.

ಕೆಲವು ದಿನ ಕುಡಿದು ಚೆನ್ನಾಗಿದ್ದೇನೆ ಎಂಬ ಮಾತು ಇಲ್ಲಿ ಆಧಾರವಾಗುವುದಿಲ್ಲ. ತೈವಾನಿನವರಿಗೂ ಮೊದಲ ದಿನಗಳಲ್ಲಿ ಏನೂ ಆಗಿರಲಿಲ್ಲ. ಆಟದ ಹೊತ್ತಿನಲ್ಲಿ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಎರಡು ಎಲೆಗೂ ದಿನನಿತ್ಯ ಲೋಟ ತುಂಬುವ ರಸಕ್ಕೂ ಹೋಲಿಕೆಯೇ ಇಲ್ಲ. ಇನ್ನು ವಿಟಮಿನ್ ಸಿ. ಬೇಯಿಸಿದರೆ ಅದು ಕಡಿಮೆಯಾಗುವುದು ನಿಜ, ಅದು ಬೇಕಿದ್ದರೆ ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ತಿಂದರೆ ಸಾಕು. ಈ ಸೊಪ್ಪಿನಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂಗಳು ಬೇಯಿಸಿದರೆ ಎಲ್ಲಿಯೂ ಹೋಗುವುದಿಲ್ಲ. ಕ್ಯಾರೊಟಿನ್ ಅಂತೂ ಬೇಯಿಸಿ, ಸ್ವಲ್ಪ ಎಣ್ಣೆ ಅಥವಾ ತೆಂಗಿನಕಾಯಿ ಜೊತೆಗೆ ತಿಂದಾಗಲೇ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಪುತ್ತೂರಿನವರ ಪಲ್ಯ ಎಲ್ಲ ರೀತಿಯಿಂದಲೂ ಸರಿಯಾಗಿದೆ.

ಈ ಸೊಪ್ಪನ್ನು ಕಂಡರೆ ಹೆದರಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೂ ಗಿಡವಿದೆ. ವಾರಕ್ಕೆ ಒಂದೆರಡು ಸಲ, ಊಟದಲ್ಲಿ ತರಕಾರಿ ತಿನ್ನುವಷ್ಟೇ ಪ್ರಮಾಣದಲ್ಲಿ, ಚೆನ್ನಾಗಿ ಬೇಯಿಸಿ ತಿನ್ನುತ್ತೇವೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇದನ್ನಾಗಲಿ ಬೇರೆ ಯಾವ ಹಸಿರು ಸೊಪ್ಪನ್ನಾಗಲಿ ಇದ್ದಕ್ಕಿದ್ದಂತೆ ಹೆಚ್ಚು ತಿನ್ನುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ.

ಹಸಿರು ನೋಟ (ತುಮಕೂರು)

ವೈದ್ಯರೇ, ವಿವರಕ್ಕೆ ಧನ್ಯವಾದ. ರಸವನ್ನು ಬಿಟ್ಟಿದ್ದೇನೆ. ಆದರೂ ಒಂದು ಸಂಶಯ ಉಳಿಯಿತು. ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟುಕೊಂಡು, ನುಗ್ಗೆಸೊಪ್ಪಿನ ಪುಡಿಯ ಹಾಗೆ ದಿನಕ್ಕೊಂದು ಚಮಚ ಬಳಸಬಹುದೆ? ಅದು ಹಸಿ ರಸವಲ್ಲವಲ್ಲ.

ಮೈಸೂರು ವೈದ್ಯೆ (ಮೈಸೂರು)

ಬೇಡ. ತೈವಾನಿನ ಘಟನೆಯ ನಂತರ ಜಪಾನಿನಲ್ಲಿ ಅಮಾಮೆಶಿಬಾ ಎಂಬ ಹೆಸರಿನಲ್ಲಿ ಇದೇ ಎಲೆಯ ಪುಡಿ ಆರೋಗ್ಯವರ್ಧಕವಾಗಿ ಮಾರಾಟವಾಯಿತು. ಅದನ್ನು ದಿನನಿತ್ಯ ಸೇವಿಸಿದವರಲ್ಲಿಯೂ ಇದೇ ಕಾಯಿಲೆ ಕಂಡುಬಂದು, 2003ರಲ್ಲಿ ಅಲ್ಲಿನ ಸರ್ಕಾರ ಅಂಥ ಪುಡಿಗಳ ಮಾರಾಟವನ್ನು ನಿಷೇಧಿಸಿತು. ಪುಡಿಯಲ್ಲಿ ಎಲೆಯ ಸಾರ ಸಣ್ಣ ಚಮಚದೊಳಗೆ ಅಡಗಿರುತ್ತದೆ, ನಾವು ಎಷ್ಟು ಎಲೆ ತಿನ್ನುತ್ತಿದ್ದೇವೆ ಎಂಬುದು ನಮಗೇ ತಿಳಿಯುವುದಿಲ್ಲ. ನುಗ್ಗೆಗೆ ಸಲ್ಲುವುದು ಚಕ್ರಮುನಿಗೆ ಸಲ್ಲುವುದಿಲ್ಲ.

ನಿರ್ವಾಹಕರು

ರಸದ ಬಗೆಗಿನ ಬರಹಗಳನ್ನು ತೆಗೆದುಹಾಕಬೇಕೆಂದು ಇಬ್ಬರು ಸದಸ್ಯರು ಕೋರಿದ್ದಾರೆ. ಅದೇ ವಾಟ್ಸಾಪ್ ಸಂದೇಶವನ್ನು ನಂಬಿದ ಇನ್ನಷ್ಟು ಜನ ಇಲ್ಲಿಗೆ ಬರಬಹುದಾದ್ದರಿಂದ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಇರುವುದೇ ಮೇಲೆಂದು ಭಾವಿಸಿ ಹಾಗೆಯೇ ಉಳಿಸಲಾಗಿದೆ. ಮುಂದೆ ರಸದ ಪಾಕವಿಧಾನಗಳನ್ನು ಯಾರೂ ಹಾಕಬಾರದು.

ಕಡಲಾಚೆಯ ಕನ್ನಡತಿ (ಕ್ವಾಲಾಲಂಪುರ)

ಮಲೇಷ್ಯಾದಲ್ಲಿ ಇದನ್ನು ಹೇಗೆ ತಿನ್ನುತ್ತಾರೆ ಎಂಬುದನ್ನು ಬರೆದರೆ ಉಪಯೋಗವಾಗಬಹುದು. ಇಲ್ಲಿ ಇದರ ಹೆಸರು ಚೆಕುರ್ ಮಾನಿಸ್ ಅಥವಾ ಸಾಯುರ್ ಮಾನಿಸ್. ನಮ್ಮಲ್ಲಿ ಹಿತ್ತಲಿಗೆ ಸೀಮಿತವಾದ ಗಿಡ ಇಲ್ಲಿ ಸಂತೆಯ ತರಕಾರಿ; ಸಬಾ ಪ್ರಾಂತ್ಯದಲ್ಲಿ ಇದರ ಎಳೆಯ ಕುಡಿಗಳನ್ನು ಕಟ್ಟು ಕಟ್ಟಾಗಿ ಮಾರಲೆಂದೇ ಬೇಸಾಯ ಮಾಡುತ್ತಾರೆ. ಆದರೆ ಹಸಿಯಾಗಿ ರಸ ಮಾಡಿ ಕುಡಿಯುವವರನ್ನು ನಾನು ಇಲ್ಲಿ ಕಂಡಿಲ್ಲ. ಎಲ್ಲ ಅಡುಗೆಯಲ್ಲಿಯೂ ಬೆಂಕಿ ತಾಗಲೇಬೇಕು.

ಬೆಂಗಳೂರಿನವರು ಕೇಳಿದ ಗಟ್ಟಿ ಎಲೆಯ ಸಮಸ್ಯೆಗೆ ಇಲ್ಲಿನವರಲ್ಲಿ ಒಳ್ಳೆಯ ಪರಿಹಾರವಿದೆ. ಬಿಡಿಸಿದ ಎಲೆಗಳನ್ನು ತೊಳೆದು, ಪಾತ್ರೆಯೊಂದರಲ್ಲಿ ಹಾಕಿಕೊಂಡು, ಎರಡೂ ಅಂಗೈಗಳ ನಡುವೆ ಬಟ್ಟೆ ಹಿಂಡುವಂತೆ ಹಿಸುಕಿ ತಿಕ್ಕುತ್ತಾರೆ. ಎಲೆ ಹರಿದು, ಮುದುಡಿ, ಕಡುಹಸಿರಾಗಿ, ಮೂಲ ಪ್ರಮಾಣದ ಮೂರನೆಯ ಒಂದರಷ್ಟಕ್ಕೆ ಇಳಿಯುತ್ತದೆ. ಅಂಗೈಗೆ ಹಸಿರು ನೀರು ಅಂಟುತ್ತದೆ. ಅದನ್ನು ಒಮ್ಮೆ ತೊಳೆದು ಚೆಲ್ಲುತ್ತಾರೆ. ಆಮೇಲೆ ಕುದಿಯುವ ಸಾರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ವಿಯೆಟ್ನಾಮಿನವರೂ ರಾವ್ ಙೋಟ್ ಎಂದು ಕರೆಯುವ ಈ ಸೊಪ್ಪನ್ನು ಹೀಗೆಯೇ ತಿಕ್ಕಿ ತಿಳಿಸಾರು ಮಾಡುತ್ತಾರೆ. ಇಲ್ಲಿನ ಚೀನೀ ಮೂಲದವರು ಮಾಡುವ ಪಾನ್ ಮೀ ಎಂಬ ಗೋಧಿಹಿಟ್ಟಿನ ಶ್ಯಾವಿಗೆಯ ಸಾರಿನಲ್ಲಂತೂ ಈ ಸೊಪ್ಪು ಇರಲೇಬೇಕು. ಮೊಟ್ಟೆ ತಿನ್ನುವವರಾದರೆ ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ತಿಕ್ಕಿದ ಸೊಪ್ಪನ್ನು ಬಾಡಿಸಿ, ಮೇಲೆ ಎರಡು ಮೊಟ್ಟೆ ಒಡೆದು ಕಲಸಿ. ಮಕ್ಕಳು ಬದಿಗಿಡುವುದಿಲ್ಲ.

ಇಂಡೋನೇಷ್ಯಾದಲ್ಲಿ ಇದು ಕಾತುಕ್. ಬಾಣಂತಿಯರಿಗೆ ಎದೆಹಾಲು ಹೆಚ್ಚಲೆಂದು ಇದರ ಸಾರನ್ನು ಕೊಡುವ ಸಂಪ್ರದಾಯ ಅಲ್ಲಿದೆ, ಈಗ ಮಾತ್ರೆಗಳ ರೂಪದಲ್ಲಿಯೂ ಮಾರಾಟವಾಗುತ್ತದೆ. ಮಾತ್ರೆಯನ್ನು ಕುರಿತು ವೈದ್ಯೆಯವರು ಪುಡಿಯ ಬಗ್ಗೆ ಹೇಳಿದ್ದೇ ಅನ್ವಯಿಸುತ್ತದೆ ಎಂದು ನನ್ನ ಭಾವನೆ. ನಾನು ಬಾಣಂತಿಯಾಗಿದ್ದಾಗ ನೆರೆಯ ಇಂಡೋನೇಷ್ಯಾದ ಅಕ್ಕ ಜೋಳದ ತೆನೆಯ ತುಂಡುಗಳನ್ನು ಹಾಕಿ ಕಾತುಕ್ ಸಾರು ಮಾಡಿ ಕಳುಹಿಸುತ್ತಿದ್ದರು. ಹಾಲು ಹೆಚ್ಚಿತೋ ಇಲ್ಲವೋ ಹೇಳಲಾರೆ, ಸಾರು ಮಾತ್ರ ಬಹಳ ಚೆನ್ನಾಗಿತ್ತು.

ಎರೆಮಣ್ಣು (ವಿಜಯಪುರ)

ಇಲ್ಲಿಯವರೆಗೆ ಬರೆದವರೆಲ್ಲ ಮಳೆ ಬೀಳುವ ಊರಿನವರು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಣ್ಣು ಬಿರುಕು ಬಿಡುವ ಎರೆ. ಇಲ್ಲಿ ಚಕ್ರಮುನಿ ಬದುಕುತ್ತದೆಯೆ ಎಂದು ಕೇಳುವವರಿಗಾಗಿ ಬರೆಯುತ್ತಿದ್ದೇನೆ: ಬದುಕುತ್ತದೆ, ಆದರೆ ಅದಕ್ಕೆ ನೆರಳು ಬೇಕು. ಬಯಲಿನಲ್ಲಿ ಹಚ್ಚಿದ ಗಿಡ ಏಪ್ರಿಲ್ ಹೊತ್ತಿಗೆ ಎಲೆಯನ್ನೆಲ್ಲ ಉದುರಿಸಿ ಬರೀ ಕಟ್ಟಿಗೆಯಂತೆ ನಿಲ್ಲುತ್ತದೆ, ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಮಾವಿನ ಮರದ ಪೂರ್ವಕ್ಕೆ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿರುವ ಗಿಡ ಮಾತ್ರ ಬೇಸಿಗೆಯಲ್ಲಿಯೂ ಸೊಪ್ಪು ಕೊಡುತ್ತದೆ. ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದೇ ಬಿಸಿಲಿಗಿಂತ ದೊಡ್ಡ ತೊಂದರೆ. ಆದ್ದರಿಂದ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರದ ಮಡಿ ಮಾಡಿ, ಮರಳು ಮತ್ತು ತಿಪ್ಪೆಗೊಬ್ಬರ ಬೆರೆಸಿ ಹಚ್ಚಬೇಕು. ಬುಡಕ್ಕೆ ಜೋಳದ ಕಣಕಿಯನ್ನೋ ಕಬ್ಬಿನ ರವದಿಯನ್ನೋ ಹೊದಿಸಿದರೆ ನೀರಿನ ಖರ್ಚು ಬಹಳ ಇಳಿಯುತ್ತದೆ.

ತಿನ್ನುವುದರ ಬಗ್ಗೆ ಒಂದು ಮಾತು. ನಮ್ಮಲ್ಲಿ ತೊಗರಿಬೇಳೆಯ ಜೊತೆ ಕುದಿಸಿ, ಹುಣಸೆ, ಹಸಿಮೆಣಸಿನಕಾಯಿ ಹಾಕಿ ಮಸೆದು ಪಲ್ಯ ಮಾಡುತ್ತೇವೆ. ಸೊಪ್ಪು ಬೇಳೆಯಲ್ಲಿ ಕರಗಿಹೋಗುತ್ತದೆ. ಬಿಸಿ ರೊಟ್ಟಿಗೆ ಹೊಂದುತ್ತದೆ.

ತಾರಸಿ ಕೈತೋಟ (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. ವೈದ್ಯೆಯವರ ಬರಹವನ್ನು ನಮ್ಮ ಬಂಧುಗಳ ಗುಂಪಿಗೆ ಕಳುಹಿಸಿದ್ದೇನೆ. ದೊಡ್ಡಮ್ಮನವರು ಮಾತ್ರ, ಇಷ್ಟು ದಿನ ಸೊಪ್ಪೆಂದರೆ ಒಳ್ಳೆಯದು ಎನ್ನುತ್ತಿದ್ದವರು ಈಗ ಅದನ್ನೂ ಬಿಡಿ ಎನ್ನುತ್ತೀರಾ ಎಂದು ಮುನಿಸಿಕೊಂಡಿದ್ದಾರೆ. ತಂಬುಳಿ ಮಾಡಿಕೊಟ್ಟು ಸಮಾಧಾನಪಡಿಸಬೇಕು.

ಒಂದು ಕವಲನ್ನು ಕತ್ತರಿಸಿದ್ದೇನೆ. ಈಗಿರುವುದು ಹನ್ನೆರಡು ಇಂಚಿನ ಕುಂಡ. ನಾಲ್ಕು ಜನರ ಮನೆಗೆ ಎಷ್ಟು ಗಿಡ ಇರಬೇಕು, ಎಂಥ ಕುಂಡ, ಎಂಥ ಗೊಬ್ಬರ? ಇನ್ನೊಂದು ವಿಷಯ, ಕತ್ತರಿಸುವಾಗ ಗೆಣ್ಣಿನ ಸಂದಿಯಲ್ಲಿ ಬಿಳಿಯ ಹತ್ತಿಯಂಥದು ಅಂಟಿಕೊಂಡಿರುವುದು ಕಂಡಿತು.

ಬೆಟ್ಟದ ಸೊಪ್ಪು (ಶಿರಸಿ)

ಅದು ಹಿಟ್ಟು ತಿಗಣೆ. ಹತ್ತಿರದಲ್ಲಿ ಇರುವೆಗಳ ಸಾಲು ಇದೆಯೇ ನೋಡಿ, ಬಹುತೇಕ ಇದ್ದೇ ಇರುತ್ತದೆ. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ತಿಕ್ಕಿ ತೆಗೆಯಿರಿ, ಮಾರನೆಯ ದಿನ ಬರಿಯ ನೀರಿನಿಂದ ತೊಳೆಯಿರಿ. ಹೆಚ್ಚಾಗಿ ಹಬ್ಬಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕಲಕಿ ಸಂಜೆಯ ಹೊತ್ತು ಸಿಂಪಡಿಸಿ. ಸಿಂಪಡಿಸಿದ ಕೊಂಬೆಯಿಂದ ಒಂದು ವಾರ ಸೊಪ್ಪು ಕೊಯ್ಯಬೇಡಿ. ಸೊಪ್ಪಿನ ಗಿಡಕ್ಕೆ ಇದಕ್ಕಿಂತ ಕಟುವಾದ ವಿಷವನ್ನು ಹಾಕುವ ಮಾತೇ ಬೇಡ, ಅಷ್ಟು ರೋಗ ಹತ್ತಿದ ಕವಲನ್ನು ಬುಡಕ್ಕೆ ಕತ್ತರಿಸಿ ಬಿಸಾಡಿದರೆ ಹೊಸ ಕವಲು ಬರುತ್ತದೆ.

ಹನ್ನೆರಡು ಇಂಚಿನ ಕುಂಡ ಒಂದು ವರ್ಷಕ್ಕೆ ಸಾಲುತ್ತದೆ. ಆಮೇಲೆ ಬೇರು ಕುಂಡದ ಗೋಡೆಗೆ ಸುತ್ತಿಕೊಂಡು, ನೀರು ಹಾಕಿದರೂ ಮಧ್ಯಾಹ್ನಕ್ಕೆ ಎಲೆ ಜೋಲುತ್ತದೆ. ಹದಿನೆಂಟು ಇಂಚಿನ ಕುಂಡವೋ, ತಳಕ್ಕೆ ತೂತು ಕೊರೆದ ಅರ್ಧ ಡ್ರಮ್ಮೋ ಇದ್ದರೆ ಹಲವು ವರ್ಷ ಚಿಂತೆಯಿಲ್ಲ. ಒಂದು ಡ್ರಮ್ಮಿಗೆ ಮೂರು ಕಡ್ಡಿ ಊರಬಹುದು. ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತಾರಸಿಯ ಭಾರ ಕಡಿಮೆ ಮಾಡಲು ತೆಂಗಿನ ನಾರಿನ ಪುಡಿ ಒಂದು ಪಾಲು. ಪ್ರತಿ ದೊಡ್ಡ ಕೊಯ್ಲಿನ ನಂತರ ಒಂದು ಹಿಡಿ ಎರೆಗೊಬ್ಬರ ಕೊಡಿ, ಅಥವಾ ನೆನೆಸಿ ಕಳಿಸಿದ ಕಡಲೆಕಾಯಿ ಹಿಂಡಿಯ ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಹಾಕಿ. ಎಲೆಯನ್ನೇ ಕೊಯ್ಯುವ ಗಿಡವಾದ್ದರಿಂದ ಸಾರಜನಕ ಬೇಗ ಖಾಲಿಯಾಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿಯೂ ಚಿಗುರು ನಿಧಾನವಾಗುತ್ತದೆ. ಆಗ ಗೊಬ್ಬರವನ್ನೂ ಕೊಯ್ಲನ್ನೂ ಕಡಿಮೆ ಮಾಡಿ.

ಕರಾವಳಿ ಹಿತ್ತಲು (ಪುತ್ತೂರು)

ನಾಲ್ಕು ಜನರಿಗೆ ಅಂಥ ಎರಡು ಡ್ರಮ್ಮು ಧಾರಾಳ. ಒಂದರಿಂದ ಕೊಯ್ಯುವ ವಾರ ಇನ್ನೊಂದು ಚಿಗುರುತ್ತಿರಲಿ. ವೈದ್ಯೆಯವರು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಬೆಳೆದರೆ ನೆರೆಯವರಿಗೆ ಕೊಡಿ, ಅಥವಾ ಹರಿವೆ, ಬಸಳೆ, ನುಗ್ಗೆಯ ಜೊತೆ ಬೆರಕೆ ಸೊಪ್ಪಿನ ಸಾರಿಗೆ ಸೇರಿಸಿ.

ತುಂಗೆಯ ದಡ (ತೀರ್ಥಹಳ್ಳಿ)

ತಡವಾಗಿ ಬಂದಿದ್ದಕ್ಕೆ ಕ್ಷಮೆಯಿರಲಿ. ನಮ್ಮ ತೋಟದ ಅಂಚಿನ ಬೇಲಿಯಲ್ಲಿ ನೋಡಲು ಥೇಟ್ ಚಕ್ರಮುನಿಯಂತೆಯೇ ಇರುವ ಪೊದೆಯೊಂದಿದೆ. ಎಲೆಗಳು ಕೊಂಬೆಯ ಎರಡೂ ಬದಿಗೆ ಸಾಲಾಗಿವೆ, ಸ್ವಲ್ಪ ಚಿಕ್ಕವು. ಕೊಯ್ದು ಅಡುಗೆ ಮಾಡಬಹುದೆ?

ಬೆಟ್ಟದ ಸೊಪ್ಪು (ಶಿರಸಿ)

ಹೂವು ಕಾಯಿ ನೋಡುವವರೆಗೆ ಮಾಡಬೇಡಿ. ಚಕ್ರಮುನಿ ಇರುವುದು ನೆಲ್ಲಿ, ನೆಲನೆಲ್ಲಿಗಳ ಕುಟುಂಬದಲ್ಲಿ. ಸಸ್ಯಶಾಸ್ತ್ರದಲ್ಲಿ ಹಿಂದೆ ಸೌರೋಪಸ್ ಆಂಡ್ರೋಜಿನಸ್ ಎಂದಿದ್ದ ಹೆಸರನ್ನು ಈಗ ಬ್ರೈನಿಯಾ ಆಂಡ್ರೋಜಿನಾ ಎಂದು ಬದಲಿಸಿದ್ದಾರೆ. ಇದೇ ಬ್ರೈನಿಯಾ ಕುಲದ ಕಾಡುಪೊದೆಗಳು ನಮ್ಮ ಬೇಲಿಗಳಲ್ಲಿಯೂ ಬೆಟ್ಟಗಳಲ್ಲಿಯೂ ಇವೆ, ಎಲೆಯ ಜೋಡಣೆ ಒಂದೇ ತೆರನಾಗಿರುತ್ತದೆ, ಅವುಗಳಲ್ಲಿ ಕೆಲವು ತಿಂದರೆ ವಿಷ.

ಒಂದು ಕೊಂಬೆಯನ್ನು ಎತ್ತಿ ಎಲೆಗಳ ಕೆಳಭಾಗವನ್ನು ನೋಡಿ. ಚಕ್ರಮುನಿಯಾದರೆ ಎಲೆಯ ತೊಟ್ಟು ಸೇರುವಲ್ಲಿ ಸಣ್ಣ ದಾರದಂಥ ತೊಟ್ಟಿನಿಂದ ಚಪ್ಪಟೆಯಾದ, ಉರುಟಾದ, ಕೆಂಪು ಅಥವಾ ಹಳದಿಮಿಶ್ರಿತ ಕೆಂಪು ಹೂಗಳು ಕೆಳಮುಖವಾಗಿ ನೇತಾಡುತ್ತಿರುತ್ತವೆ. ಕಾಯಿ ಬಲಿತಾಗ ಬಿಳಿಯಾಗಿ, ಕೆಲವೊಮ್ಮೆ ತುಸು ಗುಲಾಬಿಯಾಗಿ, ದೊಡ್ಡ ಬಟಾಣಿಗಿಂತ ಹಿರಿದಾಗಿರುತ್ತದೆ; ಅದರ ತಲೆಯ ಮೇಲೆ ಹೂವಿನ ಕೆಂಪು ಪುಷ್ಪಪಾತ್ರೆ ಉದುರದೆ ಹಾಗೆಯೇ ಕೂತಿರುತ್ತದೆ. ನಿಮ್ಮ ಬೇಲಿಯ ಪೊದೆಯಲ್ಲಿ ಕಾಯಿ ಕೆಂಪಾಗಿ ಆಮೇಲೆ ಕಪ್ಪಾಗುತ್ತಿದ್ದರೆ ಅದು ಬೇರೆ ಗಿಡ. ಹೇಗಿದ್ದರೂ ತೀರ್ಥಹಳ್ಳಿಯಲ್ಲಿ ಚಕ್ರಮುನಿ ಇರುವ ಮನೆ ಸಿಗದೇ ಇರದು. ಅವರು ವರ್ಷಗಟ್ಟಲೆ ತಿನ್ನುತ್ತಿರುವ ಗಿಡದಿಂದಲೇ ಕಡ್ಡಿ ತಂದು ನೆಡಿ, ಈಗ ಜೂನ್ ತಿಂಗಳ ಮಳೆ ಹಿಡಿಯುವ ಮೊದಲು ಊರಿದರೆ ಗೌರಿಹಬ್ಬ ಕಳೆಯುವ ಹೊತ್ತಿಗೆ ಮೊದಲ ಕುಡಿ ಚಿವುಟಬಹುದು.